ಹಾಲಿನ ಗುಂಡಿ

ಬಾಯ್ಲರ್ ಬದಲಿಸುವವನು ಬುಧವಾರ ಬರುತ್ತೇನೆ ಎಂದಿದ್ದ, ಗುರುವಾರ ಬಂದ. ಬಂದವನು ಮಹಡಿಯ ಮೇಲಿನ ಬಿಸಿನೀರಿನ ಕಪಾಟಿನ ಬಾಗಿಲು ತೆರೆದು ನೋಡಿ, ತಲೆಯಾಡಿಸಿ, ಇದನ್ನೆಲ್ಲ ಖಾಲಿ ಮಾಡಿಡಿ ಎಂದ. ಆಮೇಲೆ ತಾನು ತಂದಿರುವ ಪೈಪಿನ ಅಳತೆ ಸರಿಯಿಲ್ಲ, ನಾಳೆ ಬರುತ್ತೇನೆ, ಗ್ಯಾಸು ಬಂದ್ ಮಾಡಿಲ್ಲ, ಅಡುಗೆ ಮಾಡಿಕೊಳ್ಳಬಹುದು ಎಂದು ಹೇಳಿ ವ್ಯಾನು ಹತ್ತಿ ಹೋದ. ಈ ವಯಸ್ಸಿನಲ್ಲಿ ಇಂಥದ್ದಕ್ಕೆಲ್ಲ ಸಿಟ್ಟೂ ಬರುವುದಿಲ್ಲ ನೋಡಿ. ಸುಸ್ತಾಗುತ್ತದೆ, ಅಷ್ಟೆ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಕಪಾಟು ಖಾಲಿ ಮಾಡತೊಡಗಿದೆ.

ಲಂಡನ್ನಿನ ಹಳೆಯ ಮನೆಗಳಲ್ಲಿ ಇದ್ದವರಿಗೆ ಈ ಕಪಾಟಿನ ಪರಿಚಯ ಇರುತ್ತದೆ. ಒಳಗೆ ತಾಮ್ರದ ದೊಡ್ಡ ಹಂಡೆ, ಸದಾ ಬೆಚ್ಚಗೆ. ಅದರ ಮೇಲೆ ಮರದ ಪಟ್ಟಿಗಳ ಅಟ್ಟಣೆ. ಇಂಗ್ಲಿಷರು ಅಲ್ಲಿ ಟವೆಲ್ಲು, ಹಾಸಿಗೆಯ ಬಟ್ಟೆ ಇಡುತ್ತಾರೆ. ನಮ್ಮ ಮನೆಯಲ್ಲಿ ಅಲ್ಲಿ ಸಂಡಿಗೆ ಒಣಗುತ್ತಿತ್ತು. ನಾವಿರುವ ಈಸ್ಟ್ ಹ್ಯಾಮಿನ ಬಿಸಿಲನ್ನು ನೆಚ್ಚಿಕೊಂಡರೆ ಸಂಡಿಗೆ ಬೂಸ್ಟು ಹಿಡಿಯುತ್ತದೆ ಎಂಬುದನ್ನು ಅತ್ತೆ ಬಂದ ಮೊದಲ ಬೇಸಿಗೆಯಲ್ಲೇ ಕಂಡುಕೊಂಡು, ಆ ಕಪಾಟನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಟವೆಲ್ಲುಗಳು ಹೊರಗೆ ಬಂದವು, ಹಾಸಿಗೆಯ ಬಟ್ಟೆ ಮಾತ್ರ ಸಂಡಿಗೆಯ ಜೊತೆ ಒಳಗೇ ಉಳಿಯಿತು. ಹಾಗಾಗಿ ನಮ್ಮ ಬೆಡ್‌ಶೀಟುಗಳಿಗೆ ಎಷ್ಟೋ ವರ್ಷ ಇಂಗಿನ ವಾಸನೆ ಇತ್ತು. ಮನೆಗೆ ಬಂದ ಅತಿಥಿಗಳು ಬೆಳಿಗ್ಗೆ ಎದ್ದು, ಕನಸಿನಲ್ಲಿ ಸಾರು ಉಂಡೆವು ಎಂದು ಹೇಳಿದ್ದುಂಟು.

ಹಂಡೆಯ ಹಿಂದೆ, ಗೋಡೆಗೆ ಆತುಕೊಂಡು ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅತ್ತೆಯ ಸಂಡಿಗೆ ಡಬ್ಬಿ. ಮುಚ್ಚಳ ಕಿತ್ತಾಗ ಇಂಗು, ಜೀರಿಗೆ, ಹಸಿಮೆಣಸಿನಕಾಯಿ ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿಯಿತು. ಒಳಗೆ ಸಂಡಿಗೆ ಇರಲಿಲ್ಲ. ಬಿಳಿ ಮಲ್ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಗಂಟು ಕಟ್ಟಿದ, ಅಂಗೈ ಅಗಲದ ಆಟದ ಯಂತ್ರ ಇತ್ತು. ನೇರಳೆ ಬಣ್ಣ. ಮಕ್ಕಳು ಎರಡೂ ಕೈಯಲ್ಲಿ ಹಿಡಿದುಕೊಂಡು ಟ್ಯೂಬ್ ರೈಲಿನಲ್ಲಿ, ಕಾರಿನಲ್ಲಿ, ಊಟದ ಮೇಜಿನ ಕೆಳಗೆ ಆಡುತ್ತಿದ್ದರಲ್ಲ, ಅದೇ.

ಇದರ ಕತೆ ಹೇಳಬೇಕೆಂದರೆ ಮೊದಲು ನನ್ನ ಕಸುಬಿನ ಕತೆ ಹೇಳಬೇಕು. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ತೊಂಬತ್ತರ ದಶಕದಲ್ಲಿ ಮದುವೆಯಾಗಿ ಇಲ್ಲಿಗೆ ಬಂದವಳು ನಾನು. ಇವರು ಧಾರವಾಡದವರು, ಇಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ನಮ್ಮ ಕನ್ನಡದವರ ಕೂಟಗಳಲ್ಲಿ ಒಬ್ಬರು ಹೃದಯದವರು, ಒಬ್ಬರು ಮೂತ್ರಪಿಂಡದವರು, ಇನ್ನೊಬ್ಬರು ಮೂಳೆಯವರು. ‘ನೀವೇನಮ್ಮ?’ ಎಂದು ಯಾರಾದರೂ ಕೇಳಿದರೆ ಇವರೇ ಮುಂದೆ ಬಂದು ‘ಈಕಿ ಆಟದ ಸಾಮಾನಿಗೆ ಸದ್ದು ತುಂಬತಾಳ’ ಎನ್ನುತ್ತಿದ್ದರು. ತಮಾಷೆಗೆ ಹೇಳುತ್ತಿದ್ದರಾದರೂ ಅದು ನಿಜವೇ. ಸ್ಟ್ರಾಟ್‌ಫರ್ಡಿನಲ್ಲಿ ಈಗಿನ ದೊಡ್ಡ ಮಾಲ್ ಬರುವ ಎಷ್ಟೋ ಮುಂಚೆ, ಒಂದು ಕಾರ್ಪೆಟ್ ಅಂಗಡಿಯ ಮಹಡಿಯಲ್ಲಿ ನಮ್ಮ ಸಣ್ಣ ಕಂಪನಿ. ದೊಡ್ಡ ಯಂತ್ರಗಳಿಗಾಗಿ ಬೇರೆಯವರು ಮಾಡಿದ ಆಟಗಳನ್ನು ಕೈಯಲ್ಲಿ ಹಿಡಿಯುವ ಈ ಸಣ್ಣ ಯಂತ್ರಕ್ಕೆ ಹೊಂದಿಸಿ ಕೊಡುವುದು ನಮ್ಮ ಕೆಲಸ. ಅದರಲ್ಲಿ ಹಾಡು, ಮಾತು, ಗುಂಡಿನ ಸದ್ದು, ಕಪ್ಪೆ ಹಾರುವ ಸದ್ದು, ಇವು ನನ್ನ ಪಾಲಿಗೆ.

ಕಷ್ಟ ಏನಪ್ಪಾ ಅಂದರೆ, ಆ ಯಂತ್ರದಲ್ಲಿ ಶಬ್ದಕ್ಕೆ ಜಾಗವೇ ಇಲ್ಲ. ಯಂತ್ರದ ಬೆನ್ನಿಗೆ ಸಿಕ್ಕಿಸುವ ಬಿಲ್ಲೆಯಂಥ ಆಟದ ಕಾರ್ಟ್ರಿಜ್ಜಿನಲ್ಲಿ ಚಿತ್ರಗಳೆಲ್ಲ ತುಂಬಿದ ಮೇಲೆ ಮೂಲೆಯಲ್ಲಿ ಉಳಿದಷ್ಟರಲ್ಲಿ ನಾನು ಸಂಸಾರ ಮಾಡಬೇಕು. ಹಾಗಾಗಿ ಶಬ್ದವನ್ನು ಹಿಂಡಿ, ಒಣಗಿಸಿ, ಕುಗ್ಗಿಸಿ ಇಡುವುದು. ಆಡುವಾಗ ಅದನ್ನು ಮತ್ತೆ ಅರಳಿಸಬೇಕು. ಅರಳಿಸುವುದಕ್ಕೆ ಬೇರೆ ಚಿಪ್ಪೇನೂ ಇಲ್ಲ. ಒಂದೇ ಒಂದು ಬಡ ಪ್ರೊಸೆಸರ್. ಚಿತ್ರ ಬರೆಯುವುದೂ ಅದೇ, ಯಾವ ಗುಂಡಿ ಒತ್ತಿದರು ಎಂದು ನೋಡುವುದೂ ಅದೇ, ಈ ಒಣಗಿದ ಶಬ್ದವನ್ನು ಚೂರುಚೂರಾಗಿ ಅರಳಿಸಿ ಸ್ಪೀಕರಿಗೆ ಬಡಿಸುವುದೂ ಅದೇ. ಪರದೆಯ ಮೇಲೆ ಒಂದು ಚಿತ್ರ ಹೋಗಿ ಇನ್ನೊಂದು ಬರುವ ಸಂದಿನೊಳಗೆ ಮುಂದಿನ ಚೂರು ತಯಾರಾಗಿರಬೇಕು. ತಡವಾದರೆ ಟಕ್ ಎಂದು ಸದ್ದು ಕಡಿಯುತ್ತದೆ, ಇಲ್ಲವೇ ಓಡುತ್ತಿರುವ ಬೊಂಬೆ ಗಾಳಿಯಲ್ಲಿ ನಿಂತುಬಿಡುತ್ತದೆ. ಗಂಡನಿಗೆ ಡಬ್ಬಿ, ಮಗಳಿಗೆ ಜಡೆ, ಒಲೆಯ ಮೇಲೆ ಒಗ್ಗರಣೆ, ಎಲ್ಲವನ್ನೂ ಒಬ್ಬಳೇ ಮಾಡಿ ಬಸ್ಸು ಹಿಡಿಯುವವರಿಗೆ ಆ ಪ್ರೊಸೆಸರಿನ ಸ್ಥಿತಿ ಹೆಚ್ಚು ವಿವರಿಸಬೇಕಿಲ್ಲ. ನನಗೆ ಅದರ ಮೇಲೆ ಒಂದು ಥರ ಅಕ್ಕರೆಯೇ ಇತ್ತು.

ನಾನು ಏನು ಕೆಲಸ ಮಾಡುತ್ತೇನೆ ಎಂದು ಅತ್ತೆ ಒಮ್ಮೆ ಕೇಳಿದರು. ಹೇಳಿದೆ. ಅವರು ಸಂಡಿಗೆ ಹಿಟ್ಟು ತೊಳಸುತ್ತಲೇ ಎಲ್ಲ ಕೇಳಿಸಿಕೊಂಡು, ‘ಹಂಗಾರ ನೀ ಮಾಡೂದೂ ಸಂಡಿಗೀನ ಅಲ್ಲೇನ. ಒಣಗಸೂದು ಯಾರಿಗರ ಬರತೈತಿ. ಆ ಸಣ್ಣ ಬಾಣಲ್ಯಾಗ ಕರೂದ ಐತಲ್ಲ, ಅದ ತ್ರಾಸು’ ಎಂದರು. ಆಫೀಸಿನಲ್ಲಿ ಎರಡು ವರ್ಷ ಯಾರಿಗೂ ಸರಿಯಾಗಿ ಹೇಳಲಾಗದೆ ಒದ್ದಾಡಿದ್ದೆ. ಆಮೇಲೆ ನಾನೂ ಹೊಸಬರಿಗೆ ಸಂಡಿಗೆಯಿಂದಲೇ ಶುರು ಮಾಡುತ್ತಿದ್ದೆ, ಪಾಪ, ಅವರಿಗೆ ಸಂಡಿಗೆ ಅಂದರೇನು ಎಂದು ಹೇಳುವುದರಲ್ಲೇ ಊಟದ ವಿರಾಮ ಮುಗಿಯುತ್ತಿತ್ತು.

ಅತ್ತೆ ಮಾತುಗಾರ್ತಿ. ಇದನ್ನು ನಾನು ಸೊಸೆಯಾಗಿ ದೂರುತ್ತಿಲ್ಲ. ನಮ್ಮ ಮನೆ ನಡೆಯುತ್ತಿದ್ದುದೇ ಅವರ ಮಾತಿನ ಮೇಲೆ. ಮಾವನಿಗೆ ಕಣ್ಣು ಮಂದವಾಗುತ್ತ ಬಂದಿತ್ತು. ಗ್ಲಾಕೋಮಾ. ಅದಕ್ಕೇ ಇಬ್ಬರನ್ನೂ ಇಲ್ಲಿಗೆ ಕರೆಸಿಕೊಂಡದ್ದು. ಕಿಟಕಿ ಯಾವ ಕಡೆ ಇದೆ, ಯಾರೋ ಮುಂದೆ ನಿಂತಿದ್ದಾರೆ, ಇಷ್ಟು ತಿಳಿಯುತ್ತಿತ್ತು. ಉಳಿದದ್ದನ್ನು ಅತ್ತೆ ಬಾಯಲ್ಲಿ ಹೇಳುತ್ತಿದ್ದರು. ‘ಎಡಕ್ಕ ಚಾ ಇಟ್ಟೀನಿ, ಕೈ ಬೀಸಬ್ಯಾಡ್ರಿ.’ ‘ಕೂಸಿನ ಚಪ್ಪಲಿ ಅದಾವ ಅಲ್ಲೆ, ಸರದು ಬರ್ರಿ.’ ‘ಹೊರಗ ಮಳಿ ಇಲ್ಲ ಬಿಸಲೂ ಇಲ್ಲ, ಈ ಊರ ಹಣೇಬಾರ.’ ಅಡುಗೆ ಮನೆಯಲ್ಲಿ ನಿಂತು, ಹಜಾರದ ಕುರ್ಚಿಯಲ್ಲಿ ಕೂತ ಮಾವನನ್ನು ಅವರು ಮಾತಿನ ಹಗ್ಗದಲ್ಲಿ ಹಿಡಿದು ಮನೆಯೆಲ್ಲ ತಿರುಗಾಡಿಸುತ್ತಿದ್ದರು. ಗಂಡನ ಹೆಸರು ಹಿಡಿಯುವ ಪದ್ಧತಿ ಇಲ್ಲವಲ್ಲ, ಎಲ್ಲದಕ್ಕೂ ಮುಂಚೆ ಒಂದು ‘ಏನ್ರೀ’.

ಮಾವನಿಗೆ ಒಂದೇ ಒಂದು ಕೆಲಸ ಇಟ್ಟಿದ್ದರು, ಹಾಲು ಕಾಯುವುದು. ಕಣ್ಣಿಲ್ಲದವರಿಗೆ ಹಾಲು ಕಾಯುವ ಕೆಲಸವೇ ಎಂದು ನಾನು ಗಾಬರಿಯಾದೆ. ‘ಹಾಲಿಗೆ ಕಣ್ಣ ಯಾಕ ಬೇಕ? ಮೂಗ ಐತಿ, ಕಿವಿ ಐತಿ. ಸುಮ್ಮ ಕುಂತ್ರ ಮನಷ್ಯಾ ಕೆಡ್ತಾನ’ ಎಂದರು ಅತ್ತೆ. ಮಾವ ಒಲೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಹಾಲು ಏಳುವ ಮುಂಚಿನ ಆ ಸಣ್ಣ ಸರಸರ ಸದ್ದಿಗೆ ಕೈ ಹೋಗಿ ಗ್ಯಾಸು ಆರಿಸುತ್ತಿತ್ತು. ಹತ್ತರಲ್ಲಿ ಒಂಬತ್ತು ಸಲ ಸರಿ. ಇನ್ನೊಂದು ಸಲ ಜೋಂಪು ಹತ್ತಿರುತ್ತಿತ್ತು. ಆಗ ಅತ್ತೆ ಮಹಡಿಯ ಮೇಲಿದ್ದರೂ ಅವರ ಮೂಗಿಗೆ ಮೊದಲು ತಿಳಿಯುತ್ತಿತ್ತು.

ಅಂಥ ಅತ್ತೆಗೆ ಗಂಟಲು ಕಟ್ಟಿತು. ಕಷಾಯ ಕುಡಿದರು, ಹೋಗಲಿಲ್ಲ. ಇವರು ಡಾಕ್ಟರಾದರೂ ತಾಯಿಯ ಗಂಟಲನ್ನು ತಾವೇ ನೋಡುವಂತಿಲ್ಲ, ಜಿಪಿ ಎನ್ನುವ ಬಡಾವಣೆಯ ಡಾಕ್ಟರ ಬಳಿ ಹೋಗಿ, ಅಲ್ಲಿಂದ ಚೀಟಿ ಪಡೆದು, ದೊಡ್ಡ ಆಸ್ಪತ್ರೆಗೆ ಹೋಗಿ, ಎಲ್ಲರ ಹಾಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾದೆವು. ಕೊನೆಗೆ ತಿಳಿದದ್ದು, ಧ್ವನಿಪೆಟ್ಟಿಗೆಯಲ್ಲಿ ಗಂಟು. ಜೀವ ಉಳಿಯಬೇಕಾದರೆ ಆ ಪೆಟ್ಟಿಗೆಯನ್ನೇ ತೆಗೆಯಬೇಕು. ಇವರು ಅದನ್ನು ಅವರವ್ವನಿಗೆ ಕನ್ನಡದಲ್ಲಿ ಹೇಳಲು ಹೊರಟು, ಅರ್ಧಕ್ಕೆ ನಿಂತು, ಇಂಗ್ಲಿಷಿಗೆ ಹೋಗಿ, ಮತ್ತೆ ವಾಪಸು ಬಂದರು. ಅತ್ತೆ ಕೇಳಿದ್ದು ಒಂದೇ ಮಾತು. ‘ನಾ ಮಾತಾಡಲಿಲ್ಲಂದ್ರ ಇವರು ಹೆಂಗ ಓಡ್ಯಾಡ್ತಾರ?’

ಆಸ್ಪತ್ರೆಯವರು ದಾರಿಗಳನ್ನು ಹೇಳಿದರು. ಬರೆದು ತೋರಿಸಬಹುದು ಎಂದರು, ಮಾವನಿಗೆ ಓದಲು ಕಾಣದು. ಕೈಸನ್ನೆ ಎಂದರು, ಅದೂ ಕಾಣದು. ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಗುಂಯ್‌ಗುಡುವ ಯಂತ್ರವೊಂದನ್ನು ತೋರಿಸಿದರು, ಅತ್ತೆ ಅದರ ಸದ್ದು ಕೇಳಿ ‘ಜೀರುಂಡಿ ಬಂದು ಊಟಕ್ಕ ಕರದ್ರ ಯಾಂವ ಏಳ್ತಾನ’ ಎಂದು ಪಕ್ಕಕ್ಕಿಟ್ಟರು. ಒಬ್ಬರಿಗೆ ಕಣ್ಣಿಲ್ಲ, ಇನ್ನೊಬ್ಬರಿಗೆ ದನಿ ಇಲ್ಲ ಎಂದಾದರೆ ಆ ಇಬ್ಬರ ನಡುವೆ ಇರುವುದಾದರೂ ಏನು ಹೇಳಿ. ಒಂದೇ ಕೋಣೆಯಲ್ಲಿ ಕೂತಿದ್ದರೂ ಒಬ್ಬರು ಅಲ್ಲಿದ್ದಾರೆ ಎಂದು ಇನ್ನೊಬ್ಬರಿಗೆ ಗೊತ್ತಾಗುವುದು ಕಷ್ಟ.

ಆಗ ನನಗೆ ಹೊಳೆದದ್ದು ಈ ನೇರಳೆ ಯಂತ್ರ. ಅದು ಮಗಳದು. ಆದರೆ ಇಟ್ಟಿಗೆಗಳು ಮೇಲಿಂದ ಬೀಳುವ ಒಂದು ಆಟಕ್ಕೆ ಅತ್ತೆ ಎಷ್ಟು ಅಂಟಿಕೊಂಡಿದ್ದರೆಂದರೆ, ಮಗಳು ಸ್ಕೂಲಿನಿಂದ ಬಂದು ‘ಅಜ್ಜೀ, ಇಟ್ಸ್ ಮೈ ಟರ್ನ್’ ಎಂದರೆ, ಅತ್ತೆ ಪರದೆಯಿಂದ ಕಣ್ಣೆತ್ತದೆ ‘ತಡಿಯವಾ, ಈ ಗ್ವಾಡಿ ಮುಗೀಲಿ’ ಎನ್ನುತ್ತಿದ್ದರು. ಗುಂಡಿಗಳು ಅವರ ಬೆರಳಿಗೆ ಪಳಗಿದ್ದವು. ಜೇಬಿಗೆ ಹೋಗುತ್ತದೆ, ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತದೆ. ಒಂದೊಂದು ಗುಂಡಿಗೆ ಒಂದೊಂದು ಮಾತು ತುಂಬಿದರೆ, ಅವರದೇ ದನಿಯಲ್ಲಿ? ಇಷ್ಟು ವರ್ಷ ಪರರ ಕಪ್ಪೆಗಳಿಗೆ ಮಾಡಿದ್ದನ್ನು ಮನೆಯವರಿಗೆ ಮಾಡಲಾರೆನೇ? ನಮ್ಮ ಆಫೀಸಿನ ಯಜಮಾನ ಕೀತ್‌ನನ್ನು ಕೇಳಿದೆ. ಸದಾ ತಲೆನೋವಿನ ಮುಖದ ಒಳ್ಳೆಯ ಮನುಷ್ಯ. ಪ್ರಯೋಗಕ್ಕೆಂದು ಇಟ್ಟ ಖಾಲಿ ಕಾರ್ಟ್ರಿಜ್ಜೊಂದನ್ನು ಡ್ರಾಯರಿನಿಂದ ತೆಗೆದು ಕೊಟ್ಟ.

ಆಪರೇಷನ್ನಿಗೆ ಮುಂಚಿನ ವಾರ, ದನಿ ಇನ್ನೂ ತಕ್ಕಮಟ್ಟಿಗೆ ಬರುತ್ತಿದ್ದ ಒಂದು ಬೆಳಿಗ್ಗೆ, ರೆಕಾರ್ಡಿಂಗಿಗೆ ಕೂತೆವು. ಮಲಗುವ ಕೋಣೆಯಲ್ಲಿ ರಜಾಯಿಗಳನ್ನು ಕಿಟಕಿಗೆ ತೂಗುಹಾಕಿ ಸ್ಟುಡಿಯೋ ಮಾಡಿದ್ದೆ. ಅತ್ತೆ ಒಳಗೆ ಬಂದದ್ದು ನೋಡಿ ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ಹಣೆಗೆ ದೊಡ್ಡ ಕುಂಕುಮ ಇಟ್ಟುಕೊಂಡಿದ್ದರು, ಫೋಟೋ ತೆಗೆಸಲು ಹೊರಟವರಂತೆ. ಮೈಕಿನ ಮುಂದೆ ನೆಟ್ಟಗೆ ಕೂತು, ಕೆಮ್ಮಿ, ಶುರು ಮಾಡಿದರು. ‘ದಯವಿಟ್ಟು ಊಟಕ್ಕೆ ಬನ್ನಿರಿ. ಚಹಾ ನಿಮ್ಮ ಎಡಗಡೆಗೆ ಇದೆ. ಎಚ್ಚರಿಕೆಯಿಂದ ನಡೆಯಿರಿ.’

‘ಅತ್ತೆ, ಮನೇಲಿ ಮಾತಾಡೋ ಹಾಗೆ ಮಾತಾಡಿ’ ಎಂದೆ.

‘ಹಂಗ ಮಾತಾಡಿದ್ರ ಅದ ಉಳೀತೈತಲ್ಲ ಯವ್ವಾ. ನಾಳೆ ಯಾರರ ಕೇಳಿದ್ರ ಏನಂದಾರು? ಚಂದಾಗಿ ಇರ್ಲಿ.’

ನೀವೂ ನೋಡಿರಬಹುದು, ನಮ್ಮವರ ಮುಂದೆ ಮೈಕು ಹಿಡಿದರೆ ಎಲ್ಲರೂ ರೇಡಿಯೋದವರಾಗಿಬಿಡುತ್ತಾರೆ. ನಾಮಕರಣದ ವಿಡಿಯೋದಲ್ಲಿ ‘ಏನಾದ್ರೂ ಹೇಳಿ’ ಎಂದರೆ ಸ್ವಂತ ಸೋದರಮಾವ ‘ಈ ಶುಭ ಸಂದರ್ಭದಲ್ಲಿ’ ಎಂದು ಶುರು ಮಾಡುತ್ತಾನೆ. ಹಳೆಯ ಸೀರೆಯಲ್ಲಿ ಫೋಟೋಕ್ಕೆ ನಿಲ್ಲುವುದುಂಟೇ? ಹಾಗೆಯೇ, ಉಳಿಯುವ ದನಿಗೂ ಒಳ್ಳೆಯ ಬಟ್ಟೆ ತೊಡಿಸಬೇಕು ಎಂಬುದು ಅತ್ತೆಯ ಲೆಕ್ಕ. ನನಗೂ ಅದು ಸರಿಯೆನ್ನಿಸಿತು. ಮಾತು ಸ್ಪಷ್ಟವಾಗಿ ಬಿಡಿಬಿಡಿಯಾಗಿದ್ದರೆ ಹಿಂಡುವುದಕ್ಕೂ ಸಲೀಸು ಎಂದು ಒಳಗೊಳಗೇ ಖುಷಿಪಟ್ಟೆನೋ ಏನೋ.

‘ದಯವಿಟ್ಟು ನನ್ನ ಕನ್ನಡಕವನ್ನು…’ ಎಂದು ಹೇಳುತ್ತಿದ್ದವರು ಮೂಗು ಎತ್ತಿದರು. ಆಮೇಲೆ, ಡಾಕ್ಟರು ಕೂಗಬೇಡಿ ಎಂದು ಹೇಳಿದ್ದನ್ನು ಮರೆತು, ಬಾಗಿಲ ಕಡೆ ತಿರುಗಿ ಒಂದು ಕೂಗು ಹಾಕಿದರು. ‘ಏನ್ರೀ, ಹಾಲು ಉಕ್ಕಾಕತ್ತೈತಿ, ಮೂಗು ಎಲ್ಲಿಟ್ಟೀರಿ?’

ಕೆಳಗಿನಿಂದ ಮಾವನ ದನಿ. ‘ಮೂಗು ಇಲ್ಲೇ ಐತಿ. ಆರಿಸೀನಿ.’

‘ಆರಿಸ್ಯಾರಂತ. ಉಕ್ಕಿದ ಮ್ಯಾಲೆ’ ಎಂದು ನನಗೆ ಹೇಳಿ, ಸೆರಗು ಸರಿಮಾಡಿಕೊಂಡು, ಮತ್ತೆ ರೇಡಿಯೋದವರಾಗಿ ‘ದಯವಿಟ್ಟು ನನ್ನ ಕನ್ನಡಕವನ್ನು ಕೊಡಿರಿ’ ಎಂದರು.

ಆ ಕೂಗು ನನಗೆ ಆಫೀಸಿನಲ್ಲಿ ಬಹಳ ಉಪಯೋಗಕ್ಕೆ ಬಂತು, ಯಾಕೆಂದು ಹೇಳುತ್ತೇನೆ. ನಾವು ಶಬ್ದ ಹಿಂಡುವ ರೀತಿ ಹೀಗೆ. ಕ್ಷಣಕ್ಷಣದ ಸದ್ದನ್ನೂ ಪೂರ್ತಿ ಬರೆದಿಡುವುದಿಲ್ಲ, ಹಿಂದಿನದಕ್ಕಿಂತ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನಷ್ಟೇ ಬರೆದಿಡುತ್ತೇವೆ. ಊರಿಗೆ ಫೋನು ಮಾಡಿದಾಗ ‘ಎಲ್ಲ ಮೊದಲಿನ ಹಾಗೇ ಇದೆ, ಪಕ್ಕದ ಮನೆಯವರು ಸ್ವಲ್ಪ ದಪ್ಪಗಾಗಿದ್ದಾರೆ’ ಎನ್ನುತ್ತೇವಲ್ಲ, ಹಾಗೆ. ಸದ್ದು ಮೆಲ್ಲಗೆ ಏರಿಳಿದರೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಇದ್ದಕ್ಕಿದ್ದಂತೆ ಯಾರಾದರೂ ಕೂಗಿದರೆ, ಒಂದೊಂದೇ ಮೆಟ್ಟಿಲು ಹತ್ತುವವನಿಗೆ ಒಂದೇ ನೆಗೆತಕ್ಕೆ ಮಹಡಿ ಸೇರು ಅಂದ ಹಾಗಾಗುತ್ತದೆ. ಆ ಜಾಗದಲ್ಲಿ ದನಿ ಒಡೆದು ಕರಕರ ಎನ್ನುತ್ತದೆ. ಪಿಸುಮಾತಿನಂಥ ಪುಸ್ತಕದ ಕನ್ನಡದಿಂದ ನೇರ ‘ಏನ್ರೀ’ಗೆ ಹಾರುವ ಅತ್ತೆಯ ತುಣುಕಿಗಿಂತ ಕಠಿಣ ಪರೀಕ್ಷೆ ಇನ್ನೊಂದಿರಲಿಲ್ಲ. ಎಲ್ಲ ಮಾತುಗಳ ಹಿಂದುಮುಂದಿನ ಕೆಮ್ಮು, ಉಸಿರು ಕತ್ತರಿಸಿ ಚೊಕ್ಕ ಮಾಡಿದ ನಾನು, ಆ ಒಂದು ಕೂಗನ್ನು ಮಾತ್ರ ಪರೀಕ್ಷೆಗೆಂದು ಉಳಿಸಿಕೊಂಡೆ. ದಿನಗಟ್ಟಲೆ ಆ ಕೂಗು ಕಾರ್ಪೆಟ್ ಅಂಗಡಿಯ ಮಹಡಿಯಲ್ಲಿ ಮೊಳಗಿತು. ಕೀತ್ ಬಾಗಿಲಲ್ಲಿ ತಲೆಹಾಕಿ ‘ಇವತ್ತೂ ಹಾಲು ಉಕ್ಕಿತಾ?’ ಎಂದು ಅವನ ಭಾಷೆಯಲ್ಲಿ ಕೇಳುತ್ತಿದ್ದ. ಎಷ್ಟು ತಿದ್ದಿದರೂ ‘ರೀ’ ಎಂಬಲ್ಲಿ ಸ್ವಲ್ಪ ಒಡೆಯುತ್ತಲೇ ಇತ್ತು. ಕೊನೆಗೆ ಸೋತು ಕೈಬಿಟ್ಟೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಅತ್ತೆ ಮನೆಗೆ ಬಂದರು. ಕತ್ತಿನಲ್ಲಿ ಉಸಿರಾಟಕ್ಕೆ ಒಂದು ಸಣ್ಣ ತೂತು, ಅದರ ಮೇಲೆ ಇವರು ಕಟ್ಟಿದ ತೆಳು ಬಟ್ಟೆ. ನಾನು ಯಂತ್ರವನ್ನು ಕೈಗೆ ಕೊಟ್ಟು, ಯಾವ ಗುಂಡಿಗೆ ಯಾವ ಮಾತು ಎಂದು ತೋರಿಸಿದೆ. ಊಟದ ಹೊತ್ತಿಗೆ ಅವರು ಗುಂಡಿ ಒತ್ತಿದರು. ‘ದಯವಿಟ್ಟು ಊಟಕ್ಕೆ ಬನ್ನಿರಿ.’

ಮಾವ ಕುರ್ಚಿಯಲ್ಲಿ ಅಲ್ಲಾಡಲಿಲ್ಲ. ‘ಟಿವಿ ಯಾರ ಹಚ್ಚಿದ್ರು?’ ಎಂದರು.

‘ಅಪ್ಪಾ, ಅವ್ವಾ ಕರ್ಯಾಕತ್ತಾಳ’ ಎಂದರು ಇವರು.

‘ಇದು ಆಕಿ ಅಲ್ಲೋ. ಯಾರೋ ಬಾತ್ಮಿ ಓದಾಕತ್ತಾರ.’

ಅತ್ತೆ ಮತ್ತೊಮ್ಮೆ ಒತ್ತಿದರು. ಮಾವ ಎದ್ದರು, ಆದರೆ ನಾವು ಹೇಳಿದೆವೆಂದು ಎದ್ದರು. ಚಹಾ ಎಡಗಡೆಗೆ ಇದೆ ಎಂದು ಯಂತ್ರ ಹೇಳಿದಾಗ ಆ ದನಿಗೆ ಕೃತಜ್ಞತೆ ತೋರಿಸುವವರಂತೆ ತಲೆಬಾಗಿಸಿ ‘ಥ್ಯಾಂಕ್ಯೂ’ ಎಂದರು. ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ? ಐವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ ಥ್ಯಾಂಕ್ಯೂ. ಅತ್ತೆ ಯಂತ್ರವನ್ನು ಮೇಜಿನ ಮೇಲೆ ಕವುಚಿ ಹಾಕಿ ಒಳಗೆ ಹೋದರು. ಆ ವಾರವೆಲ್ಲ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಪಕ್ಕದ ಮನೆಯವರ ವಾಷಿಂಗ್ ಮಷೀನು ಯಾವಾಗ ತಿರುಗುತ್ತದೆ ಎಂಬುದು ನಮಗೆ ಗೊತ್ತಾಗುತ್ತಿತ್ತು. ಮಾವ ಕುರ್ಚಿ ಬಿಟ್ಟು ಏಳುವುದನ್ನೇ ಕಡಿಮೆ ಮಾಡಿದರು. ಹಾಲು ಕಾಯಲೂ ಬರಲಿಲ್ಲ. ನಾನೇ ಕೆಲಸದಿಂದ ಬಂದು, ಕೋಟು ಬಿಚ್ಚದೆ, ಹಾಲಿಟ್ಟುಕೊಂಡು ನಿಲ್ಲುತ್ತಿದ್ದೆ. ಇಷ್ಟೆಲ್ಲ ಮಾಡಿ ನಾನು ಮನೆಗೆ ತಂದದ್ದು ಒಬ್ಬ ವಾರ್ತಾವಾಚಕಿಯನ್ನು ಎಂದು ನನಗೇ ನಾಚಿಕೆಯಾಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅತ್ತೆ, ಬೇಸರಕ್ಕೋ ಸಿಟ್ಟಿಗೋ, ಆ ಯಂತ್ರವನ್ನು ಕೈಗೆತ್ತಿಕೊಂಡು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತುತ್ತ ಕೂತಿದ್ದರು. ದಯವಿಟ್ಟು, ದಯವಿಟ್ಟು, ಎಚ್ಚರಿಕೆಯಿಂದ. ಯಂತ್ರದ ಬಲಭುಜದಲ್ಲಿ, ತೋರುಬೆರಳಿಗೆ ಸಿಗುವ ಒಂದು ಗುಂಡಿ ಇರುತ್ತದೆ. ಅದಕ್ಕೆ ನಾನು ಯಾವ ಮಾತನ್ನೂ ಇಟ್ಟಿರಲಿಲ್ಲ. ಆದರೆ ಆಫೀಸಿನಲ್ಲಿ ಪರೀಕ್ಷೆ ನಡೆಸುತ್ತಿದ್ದುದು ಅದೇ ಗುಂಡಿಯಿಂದ. ತೆಗೆಯುವುದು ಉಳಿದುಹೋಗಿತ್ತು.

‘ಏನ್ರೀ, ಹಾಲು ಉಕ್ಕಾಕತ್ತೈತಿ, ಮೂಗು ಎಲ್ಲಿಟ್ಟೀರಿ?’

ಅತ್ತೆಯೇ ಬೆಚ್ಚಿಬಿದ್ದರು. ಹಜಾರದಲ್ಲಿ ಕುರ್ಚಿ ಸರಿದ ಸದ್ದಾಯಿತು. ‘ಮೂಗು ಇಲ್ಲೇ ಐತಿ, ಬಂದೆ’ ಎನ್ನುತ್ತ ಮಾವ ಗೋಡೆ ಸವರಿಕೊಂಡು ದಡದಡ ಅಡುಗೆ ಮನೆಗೆ ಬಂದರು. ಒಲೆಯ ಗುಂಡಿ ಹುಡುಕಿ ಆರಿಸಹೋದರು. ಒಲೆಯ ಮೇಲೆ ಏನೂ ಇರಲಿಲ್ಲ. ಗ್ಯಾಸು ಹೊತ್ತಿಯೂ ಇರಲಿಲ್ಲ. ಅಂಗೈಯನ್ನು ತಣ್ಣಗಿದ್ದ ಒಲೆಯ ಮೇಲಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಮೆಲ್ಲಗೆ, ಅತ್ತೆ ಇದ್ದ ಕಡೆ ತಿರುಗಿ ‘ಎಲ್ಲಿ ಹೋಗಿದ್ದಿ ಇಷ್ಟ ದಿನಾ?’ ಎಂದರು.

ನಾನು ಬಾಗಿಲಲ್ಲಿ ನಿಂತವಳು ಅಭ್ಯಾಸಬಲದಿಂದ, ಮಾವ, ಅದು ‘ರೀ’ ಎಂಬಲ್ಲಿ ಒಡೆಯುತ್ತದೆ, ನನ್ನಿಂದ ಸರಿಮಾಡಲಾಗಲಿಲ್ಲ ಎಂದೆ. ‘ಒಡೀತೈತೇನ?’ ಎಂದರು ಮಾವ. ‘ಸಿಟ್ಟ ಬಂದಾಗ ಆಕಿ ದನಿ ಒಡೀತಿತ್ತಲ್ಲ. ಹಂಗ ಐತಿ.’

ಅವತ್ತಿನಿಂದ ನಮ್ಮ ಮನೆ ನಡೆದದ್ದು ಆ ಒಂದು ವಾಕ್ಯದ ಮೇಲೆ. ಊಟ ತಯಾರಾದರೂ ಅದೇ, ಚಹಾ ಆದರೂ ಅದೇ, ಮಾವ ಸ್ವೆಟರನ್ನು ಹಿಂದುಮುಂದು ಹಾಕಿಕೊಂಡರೂ ಅದೇ. ಸುಮ್ಮನೆ ಕೂತು ಬೇಜಾರಾದರೂ ಅತ್ತೆ ಗುಂಡಿ ಒತ್ತುತ್ತಿದ್ದರು, ‘ಐತಿ ಐತಿ, ಮೂಗು ಐತಿ’ ಎಂದು ಆ ಕಡೆಯಿಂದ ಉತ್ತರ ಬರುತ್ತಿತ್ತು. ಒತ್ತಿದ ರೀತಿಯಿಂದಲೇ ಮಾವನಿಗೆ ಅರ್ಥವಾಗುತ್ತಿತ್ತು. ಒಮ್ಮೆ ಒತ್ತಿ ಬಿಟ್ಟರೆ ಬರ್ರಿ ಎಂದು. ‘ಏನ್ರೀ’ಗೇ ನಿಲ್ಲಿಸಿದರೆ ಇಲ್ಲೇ ಇದ್ದೇನೆ ಎಂದು. ಮೇಲಿಂದ ಮೇಲೆ ಒತ್ತಿದರೆ ಜಗಳ. ಮಗಳು ಯಂತ್ರವನ್ನು ವಾಪಸು ಕೇಳಲಿಲ್ಲ, ‘ಅಜ್ಜಿ ನೀಡ್ಸ್ ಇಟ್’ ಎಂದು ಹೇಳಿ ಮುಗಿಸಿದಳು. ನಮ್ಮ ಮನೆಯಲ್ಲಿ ಅದಕ್ಕೆ ಹಾಲಿನ ಗುಂಡಿ ಎಂದೇ ಹೆಸರಾಯಿತು.

ಇಂಥದ್ದೇ ಇನ್ನೂ ಸಿಕ್ಕೀತೇ ಎಂದು ನಾನು ಮೂಲ ರೆಕಾರ್ಡಿಂಗಿನಲ್ಲಿ ಹುಡುಕಿದೆ. ಚೊಕ್ಕ ಮಾಡುವಾಗ ಕತ್ತರಿಸಿ ಬಿಸಾಕಿದ ಅಂಚುಗಳಲ್ಲಿ, ಒಂದು ‘ಮುಗೀತೇನ ಯವ್ವಾ?’ ಸಿಕ್ಕಿತು. ಒಂದು ಅರ್ಧ ನಗು. ಅಷ್ಟೆ. ಉಳಿದದ್ದೆಲ್ಲ ದಯವಿಟ್ಟು. ನನ್ನ ಕಸುಬೇ ಹಾಗೆ, ಕಿವಿಗೆ ಬೇಡವಾದದ್ದನ್ನು ಹುಡುಕಿ ಹುಡುಕಿ ತೆಗೆಯುವುದು. ಯಾರ ಕಿವಿಗೆ ಬೇಡ ಎಂದು ಅಲ್ಲಿಯವರೆಗೆ ಕೇಳಿಕೊಂಡಿರಲಿಲ್ಲ.

ಮಾವ ಹೋದದ್ದು ಕೆಲವು ಚಳಿಗಾಲಗಳ ನಂತರ, ಹೆಚ್ಚು ನರಳದೆ. ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅತ್ತೆ ಮೇಜಿನ ಮುಂದೆ ಕೂತು ಯಂತ್ರದ ಹಿಂದಿನ ಮುಚ್ಚಳ ಬಿಚ್ಚಿ, ಸೆಲ್ಲುಗಳನ್ನು ತೆಗೆದರು. ನಾನು ನೋಡುತ್ತಿದ್ದೆ. ಅವರು ನನ್ನನ್ನು ನೋಡಿ, ಇನ್ನು ಇದಕ್ಕೇನು ಕೆಲಸ ಎಂಬಂತೆ ಕೈ ತಿರುಗಿಸಿದರು. ನಮ್ಮ ಜೊತೆ ಮಾತಾಡಲು ಅವರಿಗೆ ಸ್ಲೇಟು ಸಾಕಾಗಿತ್ತು, ನಮಗೆ ಕಣ್ಣಿತ್ತಲ್ಲ. ಆಮೇಲೆ ಅವರೂ ಕೆಲವು ವರ್ಷ ಇದ್ದು ಹೋದರು. ಯಂತ್ರವನ್ನು ಯಾರಿಗೋ ಕೊಟ್ಟಿರಬೇಕು ಎಂದುಕೊಂಡಿದ್ದೆ. ಮಲ್ ಬಟ್ಟೆಯಲ್ಲಿ ಕಟ್ಟಿ, ಸಂಡಿಗೆ ಡಬ್ಬಿಯಲ್ಲಿ ಹಾಕಿ, ಬೆಚ್ಚಗಿನ ಕಪಾಟಿನಲ್ಲಿ ಇಟ್ಟಿದ್ದಾರೆಂದು ಈ ಗುರುವಾರ ತಿಳಿಯಿತು. ಒಣಗಿದ್ದು ಕೆಡುವುದಿಲ್ಲ ಎಂಬುದು ಅವರಿಗೆ ಗೊತ್ತಿದ್ದದ್ದೇ.

ಟಿವಿ ರಿಮೋಟಿನ ಸೆಲ್ಲು ಕಿತ್ತು ಇದಕ್ಕೆ ಹಾಕಿದೆ. ಸ್ಪ್ರಿಂಗಿಗೆ ತುಕ್ಕು ಹತ್ತಿರಲಿಲ್ಲ. ಕೆಂಪು ದೀಪ ಬಂತು. ಪರದೆಗೆ ಒಳಬೆಳಕಿಲ್ಲದ ಕಾಲದ ಯಂತ್ರ, ಕಿಟಕಿಗೆ ಹಿಡಿದರೆ ಮಾತ್ರ ಏನಾದರೂ ಕಾಣುತ್ತದೆ. ಆದರೆ ನೋಡುವುದೇನಿತ್ತು? ಮಹಡಿಯ ನೆಲದ ಮೇಲೆ, ಹಳೆಯ ಟವೆಲ್ಲುಗಳ ರಾಶಿಯ ನಡುವೆ ಕೂತು ಬಲಭುಜದ ಗುಂಡಿ ಒತ್ತಿದೆ.

‘ಏನ್ರೀ, ಹಾಲು ಉಕ್ಕಾಕತ್ತೈತಿ, ಮೂಗು ಎಲ್ಲಿಟ್ಟೀರಿ?’

‘ರೀ’ ಎಂಬಲ್ಲಿ ಒಡೆಯಿತು. ಆ ಬಡ ಪ್ರೊಸೆಸರ್ ಇಷ್ಟು ವರ್ಷ ಸುಮ್ಮನಿದ್ದೂ ತನ್ನ ಕೆಲಸ ಮರೆತಿರಲಿಲ್ಲ.

ಕೆಳಗೆ ಕುರ್ಚಿ ಸರಿಯಿತು. ಇವರು. ಈಚೆಗೆ ಮೊಣಕಾಲು ನೋವು, ಎದ್ದರೆ ಗೊತ್ತಾಗುತ್ತದೆ. ಹೆಜ್ಜೆ ಅಡುಗೆ ಮನೆಯ ಕಡೆ ಹೋಯಿತು, ನೇರ ಒಲೆಯ ತನಕ. ಅಲ್ಲಿ ನಿಂತಿತು. ಆಮೇಲೆ ಫ್ರಿಜ್ಜಿನ ಬಾಗಿಲು, ಪಾತ್ರೆ, ಗ್ಯಾಸು ಹೊತ್ತಿದ ಸದ್ದು.

‘ಇಟ್ಟೀನಿ, ಬಾ’ ಎಂದರು.

ಯಂತ್ರವನ್ನು ಕೈಯಲ್ಲೇ ಹಿಡಿದುಕೊಂಡು ಕೆಳಗಿಳಿದೆ. ಇಬ್ಬರೂ ಒಲೆಯ ಮುಂದೆ ನಿಂತೆವು. ಸಣ್ಣ ಸರಸರ ಶುರುವಾಯಿತು. ಅಂಚಿನಲ್ಲಿ ಗುಳ್ಳೆ ಬಂತು, ಕೆನೆ ಮೇಲೆದ್ದು ನಡುಗಿತು. ಇಬ್ಬರಿಗೂ ಕಣ್ಣಿತ್ತು, ಇಬ್ಬರೂ ನೋಡುತ್ತಲೇ ಇದ್ದೆವು. ಯಾರೋ ಕೂಗಲಿ ಎಂದು ಕಾಯುತ್ತಿದ್ದೆವೋ ಏನೋ, ಇಬ್ಬರ ಕೈಯೂ ಮುಂದೆ ಹೋಗಲಿಲ್ಲ. ಹಾಲು ಉಕ್ಕಿ, ಪಾತ್ರೆಯ ಹೊರಮೈಯಿಂದ ಇಳಿದು, ಉರಿಯ ಮೇಲೆ ಚುಂಯ್ ಎಂದಿತು.

ಇವರು ಗ್ಯಾಸು ಆರಿಸಿ, ಒರೆಸುವ ಬಟ್ಟೆ ತೆಗೆದುಕೊಂಡರು. ‘ನೀ ಕೂಡು, ನಾ ಒರಸ್ತೀನಿ’ ಎಂದರು. ಮಾವ ಕೂರುತ್ತಿದ್ದ ಸ್ಟೂಲು ಇನ್ನೂ ಅಲ್ಲೇ ಇತ್ತು. ಕೂತೆ.